ಕಪ್ಪಲ್ಲದ ಮ್ಯಾಂಗನೀಸ್: ಒಂದು ಹಳದಿ ಹರಳಿನ ಹೆಸರು ಹುಡುಕಿದ್ದು

ನಮ್ಮ ಭಾವ ಏಳೆಂಟು ವರ್ಷ ಜೊಹಾನ್ಸ್‌ಬರ್ಗ್‌ನಲ್ಲಿ ಕೆಲಸ ಮಾಡಿ ಊರಿಗೆ ವಾಪಸ್ ಬಂದಾಗ ನನಗೊಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ತಂದುಕೊಟ್ಟರು. ಬೆಂಕಿಪೊಟ್ಟಣದಷ್ಟು ದೊಡ್ಡದು. ಒಳಗೆ ಕಪ್ಪು ಅದಿರಿನ ಚೂರು, ಅದರ ಮೇಲೆ ನಿಂಬೆಹಣ್ಣಿನ ಬಣ್ಣದ ಐದಾರು ಹರಳು. ಒಂದು ಹರಳು ದಾರಿಯಲ್ಲೇ ಕಳಚಿಕೊಂಡು ಡಬ್ಬಿಯ ಮೂಲೆಯಲ್ಲಿ ಉರುಳಾಡುತ್ತಿತ್ತು. ಜೊತೆಗಿದ್ದ ಚೀಟಿಯಲ್ಲಿ ಇಷ್ಟೇ ಬರೆದಿತ್ತು: ಸ್ಟರ್ಮನೈಟ್, ಎನ್‌ಚ್ವಾನಿಂಗ್ 2.

ಭಾವನ ಪ್ರಶ್ನೆ ನೇರವಾಗಿತ್ತು. "ಇದು ಮ್ಯಾಂಗನೀಸ್ ಗಣಿಯದ್ದು ಅಂದ ಕಣೋ ಮಾರಿದವನು. ಸಂಡೂರಲ್ಲಿ ನಾನು ನೋಡಿದ ಮ್ಯಾಂಗನೀಸ್ ಎಲ್ಲ ಇದ್ದಿಲಿನ ಹಾಗೆ ಕಪ್ಪು. ಇದು ಹೇಗೆ ಹಳದಿ?"

ಚೀಟಿಯನ್ನು ನಂಬಿದರೆ ಉತ್ತರ ಸುಲಭ. ಸ್ಟರ್ಮನೈಟ್ ಮ್ಯಾಂಗನೀಸ್ ಗಣಿಯಲ್ಲಿ ಸಿಕ್ಕರೂ ಅದರಲ್ಲಿ ಮುಖ್ಯವಾಗಿರುವುದು ಕ್ಯಾಲ್ಸಿಯಂ ಮತ್ತು ಕಬ್ಬಿಣ. ಹಳದಿ ಬಣ್ಣ ಆ ಕಬ್ಬಿಣದ್ದು. ಅಷ್ಟು ಹೇಳಿ ಡಬ್ಬಿ ಮುಚ್ಚಿಟ್ಟೆ. ಆದರೆ ರಾತ್ರಿ ಟೇಬಲ್ ಲ್ಯಾಂಪಿನ ಕೆಳಗೆ ಹತ್ತು ಪಟ್ಟಿನ ಲೆನ್ಸ್ ಹಿಡಿದು ಮತ್ತೆ ನೋಡಿದಾಗ ಒಂದು ವಿಷಯ ಸರಿಹೋಗಲಿಲ್ಲ. ಹರಳಿನ ಮುಖಗಳು ಅಗತ್ಯಕ್ಕಿಂತ ಜಾಸ್ತಿ ಹೊಳೆಯುತ್ತಿದ್ದವು.

ಆ ಹೊಳಪಿನ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದೇ ಡೆಸ್ಪುಜೋಲ್ಸೈಟ್. ಅಪರೂಪದ ಖನಿಜ. ಮ್ಯಾಂಗನೀಸ್ ಇರುವ ಸಲ್ಫೇಟ್, ಅಂದರೆ ಗಂಧಕ ಮತ್ತು ಆಮ್ಲಜನಕ ಸೇರಿದ ಗುಂಪು ಇರುವಂಥದ್ದು. ಇದರ ಗುರುತು ಹೇಗೆ ಹಚ್ಚಿದೆವು, ಖನಿಜಗಳ ಕುಟುಂಬದಲ್ಲಿ ಇದರ ಜಾಗ ಎಲ್ಲಿ, ಭಾವನ ಪ್ರಶ್ನೆಗೆ ನಿಜವಾದ ಉತ್ತರ ಏನು, ಇದಿಷ್ಟನ್ನೂ ಬರೆದಿಡಬೇಕು ಅನ್ನಿಸಿತು. ಕನ್ನಡದಲ್ಲಿ ಇಂಥ ಖನಿಜಗಳ ಬಗ್ಗೆ ಓದಲು ಸಿಗುವುದೇ ಕಡಿಮೆ, ಅಲ್ವಾ?

ಅನುಮಾನ ಎಲ್ಲಿಂದ ಶುರುವಾಯಿತು

ಮೊದಲು ಗಣಿಯ ವಿಚಾರ. ಎನ್‌ಚ್ವಾನಿಂಗ್ 2 ಇರುವುದು ದಕ್ಷಿಣ ಆಫ್ರಿಕಾದ ನಾರ್ದರ್ನ್ ಕೇಪ್ ಪ್ರಾಂತ್ಯದ ಕಲಹರಿ ಮ್ಯಾಂಗನೀಸ್ ಪ್ರದೇಶದಲ್ಲಿ. ಭೂಮಿಯ ಮೇಲೆ ಗೊತ್ತಿರುವ ಅತಿ ದೊಡ್ಡ ಮ್ಯಾಂಗನೀಸ್ ನಿಕ್ಷೇಪ ಅದು. ಅಲ್ಲಿನ ಅದಿರಿನ ಪದರಗಳಿಗೆ 200 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು. ಪದರ ಕೂತ ಎಷ್ಟೋ ಕಾಲದ ಮೇಲೆ ಬಿರುಕುಗಳಲ್ಲಿ ಬಿಸಿನೀರು ನುಗ್ಗಿ, ಅದಿರನ್ನು ಅಲ್ಲಲ್ಲಿ ಕರಗಿಸಿ, ಬೇರೆ ರೂಪದಲ್ಲಿ ಮತ್ತೆ ಕೂರಿಸಿತು. ಹರಳು ಸಂಗ್ರಹಿಸುವವರು ಬಾಯಿ ಬಿಟ್ಟು ನೋಡುವ ಖನಿಜಗಳೆಲ್ಲ ಹುಟ್ಟಿದ್ದು ಆ ಬಿಸಿನೀರಿನಿಂದ.

ತೊಂದರೆ ಏನೆಂದರೆ ಅಲ್ಲಿ ಹಳದಿ ಬಣ್ಣದ, ಆರು ಮೂಲೆಯ, ಉಗುರಿಗಿಂತ ಸ್ವಲ್ಪವೇ ಗಟ್ಟಿಯಾದ ಸಲ್ಫೇಟ್ ಖನಿಜ ಒಂದಲ್ಲ, ಹಲವು. ಸ್ಟರ್ಮನೈಟ್ ಇದೆ. ಎಟ್ರಿಂಗೈಟ್ ಇದೆ, ಅದೂ ಹಳದಿಯಲ್ಲಿ ಸಿಗುತ್ತದೆ. ಜುರಾವ್‌ಸ್ಕೈಟ್ ಇದೆ. ಡೆಸ್ಪುಜೋಲ್ಸೈಟ್ ಇದೆ. ಬರಿಗಣ್ಣಿಗೆ ಎಲ್ಲವೂ ಅಣ್ಣತಮ್ಮಂದಿರ ಹಾಗೆ. ಗಡಸುತನವೂ ಎಲ್ಲದಕ್ಕೂ 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ ಸುಮಾರು 2.5. ಹಾಗಾಗಿ ಗೀರಿ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಸುಮ್ನೆ ಹರಳು ಹಾಳು. ಮಾರುವವರು ಕಣ್ಣಂದಾಜಿನಲ್ಲಿ ಹೆಸರು ಬರೆದರೆ ತಪ್ಪುವುದು ಸಹಜ. ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ.

ಹೊಳಪು ಮಾತ್ರ ಸುಳಿವು ಕೊಡುತ್ತದೆ. ಪಾರದರ್ಶಕ ವಸ್ತುವಿನ ಮೇಲ್ಮೈ ಎಷ್ಟು ಬೆಳಕನ್ನು ವಾಪಸ್ ಎಸೆಯುತ್ತದೆ ಅನ್ನುವುದು ಅದರ ವಕ್ರೀಭವನ ಸೂಚ್ಯಂಕದ ಮೇಲೆ, ಅಂದರೆ ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆಯ ಮೇಲೆ ನಿಂತಿದೆ. ಸ್ಟರ್ಮನೈಟ್‌ನದ್ದು 1.50ರ ಆಸುಪಾಸು, ಅಂದರೆ ಕಿಟಕಿ ಗಾಜಿನಷ್ಟೇ. ಅದರ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ವಾಪಸ್ ಬರುವುದು ನೂರಕ್ಕೆ 4 ಪಾಲು. ಡೆಸ್ಪುಜೋಲ್ಸೈಟ್‌ಗೆ ಎರಡು ಸೂಚ್ಯಂಕ, ಒಂದು 1.66ರ ಹತ್ತಿರ, ಇನ್ನೊಂದು 1.68ರ ಹತ್ತಿರ. ಲೆಕ್ಕ ಹಾಕಿದರೆ ವಾಪಸ್ ಬರುವ ಬೆಳಕು ನೂರಕ್ಕೆ 6 ಪಾಲಿಗೂ ಸ್ವಲ್ಪ ಜಾಸ್ತಿ. ಒಂದೂವರೆ ಪಟ್ಟು. ಇದನ್ನು ಕಣ್ಣು ಹಿಡಿಯುತ್ತದೆ. ನನ್ನ ಹತ್ತಿರ ಎಟ್ರಿಂಗೈಟ್‌ನ ಒಂದು ಚಿಕ್ಕ ಮಾದರಿ ಮೊದಲೇ ಇತ್ತು. ಎರಡನ್ನೂ ಒಂದೇ ದೀಪದ ಕೆಳಗೆ ಇಟ್ಟೆ. ಎಟ್ರಿಂಗೈಟ್ ಮೇಣದ ಹಾಗೆ ಮಂದವಾಗಿ ಕೂತಿತ್ತು. ಭಾವನ ಹರಳು ಕಲ್ಲುಸಕ್ಕರೆ ಮುರಿದಾಗ ಮಿಂಚುವಂತೆ ಮಿಂಚಿತು.

ಆದರೆ ಹೊಳಪು ಸಾಕ್ಷಿ ಅಲ್ಲ. ಅನುಮಾನ ಹುಟ್ಟಿಸುವಷ್ಟು ಮಾತ್ರ ಅದರ ಕೆಲಸ.

ತಕ್ಕಡಿ ಮತ್ತು ಲವಂಗದ ಎಣ್ಣೆ

ನನಗೆ ಭೂವಿಜ್ಞಾನ ಕಲಿಸಿದ ಮೇಷ್ಟ್ರು ಈಗ ನಿವೃತ್ತರು. ಫೋನ್ ಮಾಡಿ ಹೇಳಿದಾಗ ಅವರು ಕೇಳಿದ ಮೊದಲ ಮಾತು: "ಬಿಡಿ ಹರಳು ಇದೆಯಾ?" ಇದೆ ಸರ್ ಅಂದೆ. "ಹಾಗಾದರೆ ಆಮ್ಲ ಗೀಮ್ಲ ಮುಟ್ಟಬೇಡ, ಮೊದಲು ತೂಕ ನೋಡು."

ಸಾಂದ್ರತೆ ಇಲ್ಲಿ ಎಷ್ಟು ಒಳ್ಳೆಯ ಅಸ್ತ್ರ ಅಂದರೆ, ನೀರನ್ನು 1 ಅಂತ ಹಿಡಿದರೆ ಎಟ್ರಿಂಗೈಟ್ 1.8ರ ಸುತ್ತ, ಸ್ಟರ್ಮನೈಟ್ 1.85ರ ಸುತ್ತ, ಜುರಾವ್‌ಸ್ಕೈಟ್ ಕೂಡ 2ಕ್ಕಿಂತ ಕಡಿಮೆ. ಈ ಮೂರೂ ಒಳಗೆ ವಿಪರೀತ ನೀರು ತುಂಬಿಕೊಂಡ ಹಗುರ ಖನಿಜಗಳು. ಡೆಸ್ಪುಜೋಲ್ಸೈಟ್ ಒಂದೇ 2.5ರ ಹತ್ತಿರ. ನಡುವೆ ದೊಡ್ಡ ಕಂದಕವೇ ಇದೆ.

ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಹೋದೆ. ಅವರ ತಕ್ಕಡಿ ಒಂದು ಮಿಲಿಗ್ರಾಂವರೆಗೂ ತೋರಿಸುತ್ತದೆ. ಬಿಡಿ ಹರಳಿಗೆ ಕೂದಲಿನಷ್ಟು ಸಣ್ಣ ನೈಲಾನ್ ಎಳೆ ಕಟ್ಟಿ ಗಾಳಿಯಲ್ಲಿ ತೂಗಿದರೆ 0.412 ಗ್ರಾಂ. ಆಮೇಲೆ ಒಂದು ಲೋಟ ಕುದಿಸಿ ಆರಿಸಿದ ನೀರಿನಲ್ಲಿ ಮುಳುಗಿಸಿ ತೂಗಿದೆವು. ಕುದಿಸಿದ್ದು ಯಾಕೆಂದರೆ ನೀರಲ್ಲಿ ಗಾಳಿ ಕರಗಿದ್ದರೆ ಹರಳಿನ ಮೇಲೆ ಗುಳ್ಳೆ ಕೂರುತ್ತದೆ, ಒಂದು ಗುಳ್ಳೆ ಕೂತರೂ ಲೆಕ್ಕ ಕೆಡುತ್ತದೆ. ಮೊದಲ ಸಲ ಹಾಗೇ ಆಯಿತು. ತೆಳ್ಳನೆಯ ಕುಂಚದಿಂದ ಗುಳ್ಳೆ ಸವರಿ ತೆಗೆದು ಮತ್ತೆ ತೂಗಿದಾಗ 0.247. ಕಳೆದುಕೊಂಡ ತೂಕ 0.165. ಗಾಳಿಯಲ್ಲಿನ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ 2.50. ತಕ್ಕಡಿಯ ತಪ್ಪನ್ನು ಎರಡೂ ಕಡೆ ಒಂದೊಂದು ಮಿಲಿಗ್ರಾಂ ಹಿಡಿದರೂ 2.47ರಿಂದ 2.53ರೊಳಗೆ. ಅದೇ ತೂಕದ ಸ್ಟರ್ಮನೈಟ್ ಆಗಿದ್ದರೆ 0.22 ಗ್ರಾಂ ಕಳೆದುಕೊಳ್ಳಬೇಕಿತ್ತು. ಅಲ್ಲಿಗೆ ಚೀಟಿ ಬಿದ್ದುಹೋಯಿತು.

ಒಂದು ಎಚ್ಚರಿಕೆ. ಈ ಬಗೆಯ ಖನಿಜಗಳನ್ನು ನೀರಲ್ಲಿ ತುಂಬಾ ಹೊತ್ತು ಬಿಡಬೇಡಿ. ಥಟ್ಟನೆ ಕರಗುವುದಿಲ್ಲ ನಿಜ, ಆದರೂ ಮುಖದ ಹೊಳಪು ಹೋದರೆ ಮತ್ತೆ ಬರುವುದಿಲ್ಲ. ಎರಡು ನಿಮಿಷದಲ್ಲಿ ತೆಗೆದು ಒರೆಸಿ.

ಎರಡನೆಯ ಪರೀಕ್ಷೆ ನನಗೆ ತುಂಬಾ ಇಷ್ಟವಾದದ್ದು. ಹಲ್ಲುನೋವಿಗೆ ಹಚ್ಚುವ ಲವಂಗದ ಎಣ್ಣೆಯ ಸೂಚ್ಯಂಕ ಸುಮಾರು 1.53. ಸ್ಟರ್ಮನೈಟ್‌ಗಿಂತ ಮೇಲೆ, ಡೆಸ್ಪುಜೋಲ್ಸೈಟ್‌ಗಿಂತ ಎಷ್ಟೋ ಕೆಳಗೆ. ಬಿಡಿ ಹರಳಿನ ಮುರಿದ ಬುಡದಿಂದ ಸೂಜಿಯ ಮೊನೆಯಲ್ಲಿ ಒಂದೆರಡು ಕಣ ಕೆರೆದು, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಎಣ್ಣೆಯಲ್ಲಿ ಹಾಕಿ, ಮೇಷ್ಟ್ರ ಮನೆಯ ಹಳೆಯ ಸೂಕ್ಷ್ಮದರ್ಶಕದ ಕೆಳಗಿಟ್ಟೆವು. ಕಣದ ಅಂಚು ಪೆನ್ನಿನಲ್ಲಿ ಗೀಚಿದ ಹಾಗೆ ದಪ್ಪವಾಗಿ ಕಂಡಿತು. ಮೇಷ್ಟ್ರು ಕೊಳವೆಯನ್ನು ನಿಧಾನವಾಗಿ ಮೇಲೆತ್ತಿದರು. ಅಂಚಿನಲ್ಲಿದ್ದ ಬೆಳ್ಳಗಿನ ಗೆರೆ ಕಣದ ಒಳಗೆ ಸರಿಯಿತು. ಈ ಗೆರೆ ಯಾವಾಗಲೂ ಸೂಚ್ಯಂಕ ಜಾಸ್ತಿ ಇರುವ ಕಡೆಗೇ ಹೋಗುತ್ತದೆ. ಸ್ಟರ್ಮನೈಟ್ ಆಗಿದ್ದರೆ ಹೊರಗೆ, ಎಣ್ಣೆಯ ಕಡೆಗೆ ಸರಿಯಬೇಕಿತ್ತು, ಅಂಚೂ ಇಷ್ಟು ದಪ್ಪ ಕಾಣುತ್ತಿರಲಿಲ್ಲ. ಜುರಾವ್‌ಸ್ಕೈಟ್ ಆಗಿದ್ದರೆ ಗೆರೆ ಒಳಗೆ ಬರುತ್ತಿತ್ತು, ಆದರೆ ಅದರ ಸೂಚ್ಯಂಕ 1.55ರ ಆಸುಪಾಸು ಆದ್ದರಿಂದ ಕಣ ಎಣ್ಣೆಯಲ್ಲಿ ಅರ್ಧ ಮಾಯವಾದಂತೆ ಕಾಣಬೇಕಿತ್ತು. ಒಂದು ಹನಿ ಲವಂಗದ ಎಣ್ಣೆ ಮೂರು ಖನಿಜಗಳನ್ನು ಬೇರೆ ಮಾಡಿಕೊಟ್ಟಿತು.

ಇಲ್ಲಿ ನಾನು ಮಾಡಲು ಹೊರಟು ಬಿಟ್ಟ ಒಂದು ಪರೀಕ್ಷೆಯನ್ನೂ ಹೇಳಬೇಕು. ಡೆಸ್ಪುಜೋಲ್ಸೈಟ್‌ನಲ್ಲಿರುವುದು 4+ ಮ್ಯಾಂಗನೀಸ್, ಅಂದರೆ ನಾಲ್ಕು ಎಲೆಕ್ಟ್ರಾನ್ ಕಳೆದುಕೊಂಡದ್ದು. ಅದು ಆಮ್ಲದಲ್ಲಿ ಅಯೋಡೈಡನ್ನು ಅಯೋಡಿನ್ ಮಾಡುತ್ತದೆ, ಗಂಜಿ ಹಾಕಿದರೆ ನೀಲಿ ಬರುತ್ತದೆ. ಇದನ್ನು ಮಾಡಿದರೆ ಮ್ಯಾಂಗನೀಸ್ ಖಚಿತ ಆಗುತ್ತದಲ್ಲ ಅಂದುಕೊಂಡೆ. ಮೇಷ್ಟ್ರು ತಡೆದರು. ಸ್ಟರ್ಮನೈಟ್‌ನಲ್ಲಿರುವ 3+ ಕಬ್ಬಿಣವೂ ಅದೇ ಕೆಲಸ ಮಾಡುತ್ತದೆ. ಎರಡೂ ನೀಲಿ. ನೀಲಿ ಬಂದ ಖುಷಿಯಲ್ಲಿ ತಪ್ಪು ಹೆಸರು ಬರೆದುಬಿಡುತ್ತಿದ್ದೆ.

ಕೊನೆಗೆ ಮೇಷ್ಟ್ರ ಹಳೆಯ ಶಿಷ್ಯರೊಬ್ಬರಿದ್ದ ಪ್ರಯೋಗಾಲಯದಲ್ಲಿ ಎಕ್ಸ್‌-ರೇ ಪರೀಕ್ಷೆ ಆಯಿತು. ಹರಳಿನೊಳಗಿನ ಪರಮಾಣುಗಳ ಸಾಲುಗಳಿಂದ ಕಿರಣ ಯಾವ ಕೋನಗಳಲ್ಲಿ ತಿರುಗಿ ಬರುತ್ತದೆ ಅಂತ ಇದರಲ್ಲಿ ನೋಡುತ್ತಾರೆ. ಎಟ್ರಿಂಗೈಟ್ ಬಳಗದ ಖನಿಜ ಆಗಿದ್ದರೆ ತಾಮ್ರದ ಎಕ್ಸ್‌-ರೇ ಬಳಸಿದಾಗ 9.1 ಡಿಗ್ರಿಯಲ್ಲಿ ಎತ್ತರದ ಗೆರೆ ಬರುತ್ತದೆ. ಸಿಮೆಂಟ್ ಪರೀಕ್ಷಿಸುವವರಿಗೆ ಈ ಗೆರೆ ಚೆನ್ನಾಗಿ ಗೊತ್ತು, ಯಾಕೆಂದರೆ ಸಿಮೆಂಟಿಗೆ ನೀರು ಹಾಕಿದಾಗ ಮೊದಲಿಗೆ ಹುಟ್ಟುವ ಹರಳುಗಳಲ್ಲಿ ಎಟ್ರಿಂಗೈಟ್ ಒಂದು. ನಮ್ಮ ಮಾದರಿಯಲ್ಲಿ 9.1ರಲ್ಲಿ ಏನೂ ಇರಲಿಲ್ಲ. ಮೊದಲ ಗೆರೆ ಬಂದದ್ದು 11.9ರ ಹತ್ತಿರ. ಡೆಸ್ಪುಜೋಲ್ಸೈಟ್‌ನ ಅಳತೆಗೆ ಅದು ಸರಿಹೊಂದುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡ ಧಾತುಗಳು ಕ್ಯಾಲ್ಸಿಯಂ, ಮ್ಯಾಂಗನೀಸ್, ಗಂಧಕ, ಹೆಚ್ಚುಕಡಿಮೆ 3:1:2ರ ಪ್ರಮಾಣದಲ್ಲಿ. ಕಬ್ಬಿಣ ಇಲ್ಲ, ಅಲ್ಯೂಮಿನಿಯಂ ಇಲ್ಲ. ಜುರಾವ್‌ಸ್ಕೈಟ್ ಆಗಿದ್ದರೆ ಗಂಧಕ ಅರ್ಧ ಇರಬೇಕಿತ್ತು.

ಹರಳಿನ ಒಳಗೆ ಏನಿದೆ

ಡೆಸ್ಪುಜೋಲ್ಸೈಟ್‌ನ ಸೂತ್ರವನ್ನು ಬಾಯಲ್ಲಿ ಹೇಳುವುದಾದರೆ: ಮೂರು ಕ್ಯಾಲ್ಸಿಯಂ, ಒಂದು ಮ್ಯಾಂಗನೀಸ್, ಎರಡು ಸಲ್ಫೇಟ್, ಆರು ಹೈಡ್ರಾಕ್ಸಿಲ್ (ಆಮ್ಲಜನಕ, ಜಲಜನಕದ ಜೋಡಿ), ಮೂರು ನೀರು. ವಿದ್ಯುದಂಶದ ಲೆಕ್ಕ ನೋಡಿ. ಸಲ್ಫೇಟಿನಿಂದ 4 ಋಣ, ಹೈಡ್ರಾಕ್ಸಿಲಿನಿಂದ 6 ಋಣ, ಒಟ್ಟು 10. ಕ್ಯಾಲ್ಸಿಯಂ ಮೂರು ಸೇರಿ 6 ಧನ ಕೊಡುತ್ತವೆ. ಉಳಿದ 4ನ್ನು ಒಂದೇ ಮ್ಯಾಂಗನೀಸ್ ಕೊಡಬೇಕು. ಹಾಗಾಗಿ ಅದು 4+. ತೂಕದಲ್ಲಿ ನೋಡಿದರೆ ಮ್ಯಾಂಗನೀಸ್ ಇರುವುದು ನೂರಕ್ಕೆ ಹತ್ತೂವರೆ ಪಾಲು ಮಾತ್ರ. ನೀರು ಮತ್ತು ಹೈಡ್ರಾಕ್ಸಿಲ್ ಎರಡನ್ನೂ ನೀರೆಂದೇ ಲೆಕ್ಕ ಹಿಡಿದರೆ ಐದನೇ ಒಂದು ಭಾಗ ಅದೇ ಆಗುತ್ತದೆ.

ಹರಳಿನ ಮೂಲ ಕೋಶ, ಅಂದರೆ ಹರಳಿನಲ್ಲೆಲ್ಲ ಮತ್ತೆ ಮತ್ತೆ ಬರುವ ಅತಿ ಚಿಕ್ಕ ತುಂಡು, ಆರು ಮೂಲೆಯ ವ್ಯವಸ್ಥೆಯದು. ಅಡ್ಡಕ್ಕೆ 8.56 ಆಂಗ್‌ಸ್ಟ್ರಾಂ, ಉದ್ದಕ್ಕೆ 10.76 (ಒಂದು ಆಂಗ್‌ಸ್ಟ್ರಾಂ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು). ಅದರೊಳಗೆ ಎರಡು ಸೂತ್ರದಷ್ಟು ಪರಮಾಣುಗಳು ಕೂರುತ್ತವೆ. ಒಂದು ಸೂತ್ರದ ತೂಕ 523.4, ಕೋಶದ ಗಾತ್ರ ಸುಮಾರು 683 ಘನ ಆಂಗ್‌ಸ್ಟ್ರಾಂ. ಇದರಿಂದ ಸಾಂದ್ರತೆ ಲೆಕ್ಕ ಹಾಕಿದರೆ 2.55ರ ಹತ್ತಿರ ಬರುತ್ತದೆ. ಈ ಖನಿಜವನ್ನು ಮೊದಲು ವರ್ಣಿಸಿದವರು ಅಳೆದಾಗ ಬಂದದ್ದು 2.46. ನಮ್ಮ ಅಕ್ಕಸಾಲಿಗರ ತಕ್ಕಡಿಯ 2.50 ಅವೆರಡರ ನಡುವೆ ಕೂತಿದ್ದು ನೋಡಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಈಗ ಭಾವನ ಪ್ರಶ್ನೆ. ಹಳದಿ ಹೇಗೆ?

ಮ್ಯಾಂಗನೀಸ್ ಅಂದರೆ ನಮಗೆ ಕಪ್ಪು. ಸಂಡೂರಿನ ಅದಿರು ಕಪ್ಪು. ಟಾರ್ಚಿನ ಹಳೆಯ ಸೆಲ್ ಒಡೆದಾಗ ಕೈಗೆ ಮೆತ್ತಿಕೊಳ್ಳುವ ಪುಡಿಯಲ್ಲೂ ಇರುವುದು ಮ್ಯಾಂಗನೀಸ್ ಡೈಆಕ್ಸೈಡ್, ಅದೂ ಕಪ್ಪು. ಅದರಲ್ಲಿರುವುದೂ 4+ ಮ್ಯಾಂಗನೀಸೇ. ಅಂದರೆ ಸೆಲ್ಲಿನ ಮಸಿಯಲ್ಲೂ ಈ ನಿಂಬೆ ಬಣ್ಣದ ಹರಳಿನಲ್ಲೂ ಇರುವುದು ಒಂದೇ ಅಯಾನು (ವಿದ್ಯುದಂಶ ಇರುವ ಪರಮಾಣು). ಎರಡರಲ್ಲೂ ಆರು ಆಮ್ಲಜನಕ ಸುತ್ತುವರಿದಿವೆ. ಹಾಗಿದ್ದೂ ಬಣ್ಣದಲ್ಲಿ ಇಷ್ಟು ವ್ಯತ್ಯಾಸ.

ವ್ಯತ್ಯಾಸ ಇರುವುದು ಅಕ್ಕಪಕ್ಕದಲ್ಲಿ. ಡೈಆಕ್ಸೈಡಿನಲ್ಲಿ ಒಂದು ಮ್ಯಾಂಗನೀಸಿನ ಆಮ್ಲಜನಕವನ್ನು ಪಕ್ಕದ ಮ್ಯಾಂಗನೀಸ್‌ಗಳೂ ಹಂಚಿಕೊಂಡಿವೆ. ವಠಾರದ ಮನೆಗಳ ಹಾಗೆ, ಗೋಡೆಗೆ ಗೋಡೆ ಅಂಟಿದೆ. ಎಲೆಕ್ಟ್ರಾನುಗಳಿಗೆ ಒಂದರಿಂದ ಇನ್ನೊಂದಕ್ಕೆ ಓಡಾಡಲು ದಾರಿ ಇದೆ. ಹಾಗೆ ಓಡಾಡಲು ಅವು ಎಲ್ಲ ಬಣ್ಣದ ಬೆಳಕನ್ನೂ ನುಂಗುತ್ತವೆ, ಕಣ್ಣಿಗೆ ಕಪ್ಪು ಕಾಣುತ್ತದೆ. ಡೆಸ್ಪುಜೋಲ್ಸೈಟ್‌ನಲ್ಲಿ ಪ್ರತಿಯೊಂದು ಮ್ಯಾಂಗನೀಸ್ ಕೂಡ ತನ್ನ ಆರು ಹೈಡ್ರಾಕ್ಸಿಲ್‌ಗಳ ಬೇಲಿಯೊಳಗೆ ಒಂಟಿ. ಬೇಲಿಯ ಆಚೆ ಇರುವುದು ಕ್ಯಾಲ್ಸಿಯಂ, ಸಲ್ಫೇಟ್, ನೀರು. ಇನ್ನೊಂದು ಮ್ಯಾಂಗನೀಸ್ ಎಲ್ಲೋ ದೂರ. ಎಲೆಕ್ಟ್ರಾನು ಎಲ್ಲಿಗೂ ಹೋಗುವ ಹಾಗಿಲ್ಲ. ತನ್ನ ಜಾಗದಲ್ಲೇ ಒಂದು ಮೆಟ್ಟಿಲು ಹತ್ತಬಹುದು ಅಷ್ಟೇ, ಆ ಮೆಟ್ಟಿಲಿಗೆ ಬೇಕಾದ್ದು ನೀಲಿ, ನೇರಳೆ ಕಡೆಯ ಬೆಳಕು. ಅದನ್ನು ಕಳೆದರೆ ಉಳಿಯುವುದು ಹಳದಿ.

ಇದು ನನ್ನ ಊಹೆಯಲ್ಲ ಅನ್ನಲು ಒಳ್ಳೆಯ ಆಧಾರ ಇದೆ. ಒಂಟಿ 4+ ಮ್ಯಾಂಗನೀಸ್ ಇರುವ ಪೊಟ್ಯಾಸಿಯಂ ಹೆಕ್ಸಾಫ್ಲೋರೋಮ್ಯಾಂಗನೇಟ್ ಅನ್ನುವ ರಾಸಾಯನಿಕವೂ ಹಳದಿಯೇ. ಇನ್ನೂ ಗಟ್ಟಿ ಸಾಕ್ಷಿ ಇದರ ಬಳಗದಲ್ಲೇ ಇದೆ.

ಬಳಗದ ವಿಚಾರ

ಖನಿಜಗಳನ್ನು ಲೋಹ ನೋಡಿ ವಿಂಗಡಿಸುವುದಿಲ್ಲ. ಕಬ್ಬಿಣದ ಖನಿಜ, ಮ್ಯಾಂಗನೀಸ್ ಖನಿಜ ಅನ್ನುವುದು ಗಣಿ ನಡೆಸುವವರ ಮಾತು. ಖನಿಜಶಾಸ್ತ್ರದಲ್ಲಿ ನೋಡುವುದು ಋಣ ಭಾಗವನ್ನು: ಸಲ್ಫೇಟೋ, ಕಾರ್ಬೊನೇಟೋ, ಸಿಲಿಕೇಟೋ. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಝೀಲಿಯಸ್ ಹಾಕಿಕೊಟ್ಟ ದಾರಿ ಇದು. 1850ರ ಹೊತ್ತಿಗೆ ಅಮೆರಿಕದ ಖನಿಜಶಾಸ್ತ್ರಜ್ಞ ಜೇಮ್ಸ್ ಡೇನಾ ಇದನ್ನೇ ಹಿಡಿದ ಮೇಲೆ ಎಲ್ಲ ಕಡೆ ನೆಲೆನಿಂತಿತು. ಇದು ಯಾಕೆ ಸರಿ ಅಂತ ನಮ್ಮ ಹರಳೇ ತೋರಿಸುತ್ತದೆ. ಮ್ಯಾಂಗನೀಸ್ ಅಂತ ಹೇಳಿ ಇದನ್ನು ಸಂಡೂರಿನ ಅದಿರಿನ ಪಕ್ಕ ಇಟ್ಟರೆ ಎರಡಕ್ಕೂ ಯಾವ ಗುಣವೂ ಹೊಂದುವುದಿಲ್ಲ.

ಖನಿಜಗಳಿಗೆ ಸಂಕೇತ ಕೊಟ್ಟು ವಿಂಗಡಿಸುವ ಸ್ಟ್ರುಂಟ್ಸ್ ಪದ್ಧತಿಯಲ್ಲಿ ಇದರ ವಿಳಾಸ 7.ಡಿಎಫ್.25. ಏಳು ಅಂದರೆ ಸಲ್ಫೇಟ್ ಮತ್ತು ಅದರ ಹತ್ತಿರದ ನೆಂಟರು. ಡಿ ಅಂದರೆ ಸಲ್ಫೇಟಿನ ಜೊತೆಗೆ ಹೈಡ್ರಾಕ್ಸಿಲಿನಂಥ ಬೇರೆ ಋಣ ಭಾಗವೂ ಇದೆ, ನೀರೂ ಇದೆ. ಎಫ್ ಅಂದರೆ ಧನ ಅಯಾನುಗಳಲ್ಲಿ ದೊಡ್ಡದೂ ಇವೆ, ಮಧ್ಯಮ ಗಾತ್ರದ್ದೂ ಇವೆ. ಇಲ್ಲಿ ಕ್ಯಾಲ್ಸಿಯಂ ದೊಡ್ಡದು, ಮ್ಯಾಂಗನೀಸ್ ಮಧ್ಯಮ. ನೆರೆಮನೆಯ 7.ಡಿಜಿ.15ರಲ್ಲಿ ಎಟ್ರಿಂಗೈಟ್, ಸ್ಟರ್ಮನೈಟ್, ಜುರಾವ್‌ಸ್ಕೈಟ್ ಇದ್ದಾರೆ. ನಮ್ಮ ಚೀಟಿಯ ತಪ್ಪು ಒಂದು ಅಕ್ಷರದಷ್ಟು.

7.ಡಿಎಫ್.25ರಲ್ಲಿ ಮೊದಲು ಬಂದದ್ದು ಫ್ಲೈಶರೈಟ್. ಇದೇ ಸೂತ್ರ, ಆದರೆ ಕ್ಯಾಲ್ಸಿಯಂ ಬದಲು ಸೀಸ, ಮ್ಯಾಂಗನೀಸ್ ಬದಲು ಜರ್ಮೇನಿಯಂ. ನಮೀಬಿಯಾದ ಟ್ಸುಮೆಬ್ ಗಣಿಯಿಂದ 1960ರಲ್ಲಿ ವರ್ಣಿಸಿದರು. ಅದೇ ಗಣಿಯಿಂದ 1967ರಲ್ಲಿ ಶೌರ್ಟೈಟ್ ಬಂತು, ಅದರಲ್ಲಿ ಕ್ಯಾಲ್ಸಿಯಂ ಮತ್ತು ಜರ್ಮೇನಿಯಂ. 1968ರಲ್ಲಿ ಡೆಸ್ಪುಜೋಲ್ಸೈಟ್. ಎಷ್ಟೋ ವರ್ಷಗಳ ಮೇಲೆ ರಷ್ಯಾದ ನೊರಿಲ್ಸ್ಕ್ ಕಡೆಯ ಗಣಿಯೊಂದರಲ್ಲಿ ತವರ ಇರುವ ಜೆನ್‌ಪ್ಲೆಸೈಟ್ ಸಿಕ್ಕಿತು. ಆಸ್ಟ್ರಿಯಾದ ಮಾಲೆಸ್ಟಿಗೈಟ್ ಇನ್ನೂ ಸ್ವಾರಸ್ಯದ್ದು. ಅಲ್ಲಿ ನಡುವಿನ ಜಾಗದಲ್ಲಿ 5+ ಆಂಟಿಮನಿ ಕೂತಿದೆ, ಧನ ಒಂದು ಜಾಸ್ತಿ ಆಯಿತು. ಅದನ್ನು ಸರಿದೂಗಿಸಲು ಎರಡು ಸಲ್ಫೇಟಿನಲ್ಲಿ ಒಂದರ ಜಾಗಕ್ಕೆ 3 ಋಣ ಇರುವ ಆರ್ಸೆನೇಟ್ ಬಂದಿದೆ.

ಈಗ ಶೌರ್ಟೈಟ್ ಮತ್ತು ಡೆಸ್ಪುಜೋಲ್ಸೈಟ್ ಎರಡನ್ನು ಮಾತ್ರ ಹತ್ತಿರ ಇಟ್ಟು ನೋಡಿ. ಕ್ಯಾಲ್ಸಿಯಂ ಅಷ್ಟೇ, ಸಲ್ಫೇಟ್ ಅಷ್ಟೇ, ನೀರು ಅಷ್ಟೇ. ಬದಲಾಗಿದ್ದು ನಡುವಿನ ಒಂದೇ ಅಯಾನು. ಆರು ಆಮ್ಲಜನಕದ ನಡುವೆ ಕೂತಾಗ 4+ ಜರ್ಮೇನಿಯಂನ ತ್ರಿಜ್ಯ 0.53 ಆಂಗ್‌ಸ್ಟ್ರಾಂ. 4+ ಮ್ಯಾಂಗನೀಸಿನದೂ 0.53. ಒಂದರ ಕುರ್ಚಿಯಲ್ಲಿ ಇನ್ನೊಂದು ಎದ್ದು ಕೂತರೂ ಮನೆಗೆ ಗೊತ್ತಾಗುವುದಿಲ್ಲ. ಶೌರ್ಟೈಟ್ ಬಿಳಿ, ಡೆಸ್ಪುಜೋಲ್ಸೈಟ್ ಹಳದಿ. ಹಾಗಾಗಿ ಹಳದಿ ಆ ಒಂಟಿ ಮ್ಯಾಂಗನೀಸಿನದ್ದೇ, ಬೇರೆ ಯಾರದೂ ಅಲ್ಲ. ಖನಿಜಗಳ ಓದಿನಲ್ಲಿ ಇಷ್ಟು ಚೊಕ್ಕಟವಾದ ಹೋಲಿಕೆ ನನಗೆ ಸಿಕ್ಕಿದ್ದು ಕಡಿಮೆ.

ಮ್ಯಾಂಗನೀಸ್ ಸಲ್ಫೇಟುಗಳ ಕಡೆಯಿಂದ ನೋಡಿದರೂ ಇದು ಬೇರೆಯದೇ ಜಾತಿ. ಸಾಮಾನ್ಯವಾಗಿ ಮ್ಯಾಂಗನೀಸ್ ಸಲ್ಫೇಟ್ ಅಂದರೆ 2+ ಮ್ಯಾಂಗನೀಸಿನದು. ನಮ್ಮ ರೈತರು ಸೂಕ್ಷ್ಮ ಪೋಷಕಾಂಶ ಅಂತ ತೋಟಕ್ಕೆ ಹಾಕುವ ತಿಳಿ ಗುಲಾಬಿ ಪುಡಿ ಅದೇ. ಅದರ ಖನಿಜ ರೂಪಗಳನ್ನು ನೀರಿನ ಲೆಕ್ಕದಲ್ಲಿ ಜೋಡಿಸಬಹುದು. ಒಂದು ನೀರಿದ್ದರೆ ಸ್ಮಿಕೈಟ್, ನಾಲ್ಕಿದ್ದರೆ ಇಲೆಸೈಟ್, ಐದಿದ್ದರೆ ಜಪಾನಿನ ಜೋಕೊಕು ಗಣಿಯ ಜೋಕೊಕುಐಟ್, ಏಳಿದ್ದರೆ ಮಲ್ಲಾರ್ಡೈಟ್. ಇವು ಹುಟ್ಟುವುದು ಹೆಚ್ಚಾಗಿ ಗಣಿಯ ಹುಳಿ ನೀರು ಆರಿದಾಗ. ನೀರಲ್ಲಿ ಕರಗುತ್ತವೆ, ಮಳೆ ಬಂದರೆ ಹೋದವು. ಒಣ ಗಾಳಿಯಲ್ಲಿ ಕೆಲವು ನೀರು ಬಿಟ್ಟುಕೊಟ್ಟು ಪುಡಿಯಾಗುತ್ತವೆ. ಡೆಸ್ಪುಜೋಲ್ಸೈಟ್‌ಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ ಪರಿಸರ: ಕ್ಯಾಲ್ಸಿಯಂ ತುಂಬಿದ, ಹುಳಿಯಿಲ್ಲದ, ಮ್ಯಾಂಗನೀಸ್ 4+ ಆಗಿ ಉಳಿಯುವಷ್ಟು ಆಕ್ಸಿಡೀಕರಣ ಇರುವ ನೀರು. ಹುಳಿ ಇದ್ದರೆ ಈ ಹರಳು ಇಲ್ಲ. ಇಷ್ಟೆಲ್ಲ ಒಟ್ಟಿಗೆ ಕೂಡಿಬರುವ ಜಾಗ ಕಡಿಮೆ, ಅದಕ್ಕೇ ಇದು ಅಪರೂಪ.

ಹೆಸರು ಬಂದ ಊರು

ಈ ಖನಿಜ ಮೊದಲು ಸಿಕ್ಕಿದ್ದು ದಕ್ಷಿಣ ಆಫ್ರಿಕಾದಲ್ಲಲ್ಲ, ಮೊರಾಕೋದಲ್ಲಿ. ಆಂಟಿ-ಅಟ್ಲಾಸ್ ಬೆಟ್ಟಗಳಲ್ಲಿ, ವಾರ್ಜಾಜಾತ್ ಕಡೆ, ತಾಶ್ಗಗಾಲ್ಟ್ ಅನ್ನುವ ಮ್ಯಾಂಗನೀಸ್ ಗಣಿ ಇದೆ. ಒಂದೇ ಗಣಿಯಿಂದ ಕೆಲವೇ ವರ್ಷಗಳಲ್ಲಿ ಜಗತ್ತಿಗೆ ಹೊಸ ಖನಿಜಗಳು ಸಾಲಾಗಿ ಬಂದವು. 1963ರಲ್ಲಿ ಮರೋಕೈಟ್, 1964ರಲ್ಲಿ ಗೋಡ್‌ಫ್ರುವಾಯೈಟ್, 1965ರಲ್ಲಿ ಜುರಾವ್‌ಸ್ಕೈಟ್, 1968ರಲ್ಲಿ ಡೆಸ್ಪುಜೋಲ್ಸೈಟ್. ಗೋಡ್‌ಫ್ರುವಾ, ಗ್ರಾಂಜೆ, ಪೆರ್ಮಿಂಜಾ, ಪ್ರೋತಾ ಈ ನಾಲ್ವರು ಸೇರಿ ಡೆಸ್ಪುಜೋಲ್ಸೈಟನ್ನು ವರ್ಣಿಸಿದರು. ಮೊರಾಕೋದ ಭೂವಿಜ್ಞಾನ ನಕ್ಷೆಯ ಇಲಾಖೆಯನ್ನು ಕಟ್ಟಿದ ಪಿಯೆರ್ ಡೆಸ್ಪುಜೋಲ್ ಅವರ ಹೆಸರಿಟ್ಟರು. ಜುರಾವ್‌ಸ್ಕೈಟ್ ಹೆಸರೂ ಅಲ್ಲೇ ದುಡಿದ ಭೂವಿಜ್ಞಾನಿ ಜಾರ್ಜ್ ಜುರಾವ್‌ಸ್ಕಿ ಅವರದ್ದು. ಒಂದು ದೇಶದ ನೆಲವನ್ನು ಬೆಟ್ಟ ಹತ್ತಿ ಇಳಿದು ಅಳೆದವರ ಹೆಸರು ಆ ನೆಲದ ಹರಳಿಗೇ ಬಂದಿರುವುದು ನನಗೆ ತುಂಬಾ ಸರಿ ಅನ್ನಿಸುತ್ತದೆ.

ಸಂಗ್ರಹಕಾರರ ಕೈಗೆ ಕಣ್ಣು ತುಂಬುವ ಹರಳುಗಳು ಸಿಗತೊಡಗಿದ್ದು ಎನ್‌ಚ್ವಾನಿಂಗ್ ಗಣಿಯಿಂದ. ಅಲ್ಲಿಯೂ ಗೋಡ್‌ಫ್ರುವಾಯೈಟ್ ಸಿಗುತ್ತದೆ, ಜುರಾವ್‌ಸ್ಕೈಟ್ ಸಿಗುತ್ತದೆ. ಸಾವಿರಾರು ಕಿಲೋಮೀಟರ್ ದೂರದ ಎರಡು ಗಣಿ, ಒಂದೇ ಬಗೆಯ ಅಡುಗೆ.

ಎಲ್ಲ ಮುಗಿದ ಮೇಲೆ ಭಾವನಿಗೆ ಫೋನ್ ಮಾಡಿ ಹೇಳಿದೆ. ಕಬ್ಬಿಣ ಅಂದಿದ್ದು ತಪ್ಪು ಭಾವ, ಅದು ಮ್ಯಾಂಗನೀಸಿನದ್ದೇ ಹಳದಿ, ಮಸಿಯಲ್ಲಿರುವ ಅದೇ ಮ್ಯಾಂಗನೀಸ್ ಒಂಟಿಯಾಗಿ ಕೂತರೆ ಹೀಗೆ ಕಾಣುತ್ತದೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನು ಕೇಳಿದ್ದು ಸರಿಯಾಗೇ ಇತ್ತು" ಅಂದರು. ಸರಿಯಾಗೇ ಇತ್ತು.

ಹೊಸ ಚೀಟಿ ಬರೆದೆ. ಡೆಸ್ಪುಜೋಲ್ಸೈಟ್, ಎನ್‌ಚ್ವಾನಿಂಗ್ 2, ಕಲಹರಿ ಮ್ಯಾಂಗನೀಸ್ ಪ್ರದೇಶ, ನಾರ್ದರ್ನ್ ಕೇಪ್, ದಕ್ಷಿಣ ಆಫ್ರಿಕಾ. ಕೆಳಗೆ ಸಾಂದ್ರತೆ 2.50, ಎಕ್ಸ್‌-ರೇ ಆಗಿದೆ, ಬಿಡಿ ಹರಳಿನ ಬುಡದಿಂದ ಕಣ ತೆಗೆದಿದೆ. ಹಳೆಯ ಚೀಟಿಯನ್ನು ಹರಿಯಲಿಲ್ಲ. ಗಣಿಯ ಹೆಸರು ನನಗೆ ಗೊತ್ತಾಗಿದ್ದೇ ಅದರಿಂದ. ಮಡಚಿ ಅದೇ ಡಬ್ಬಿಯ ತಳದಲ್ಲಿಟ್ಟು, ಮೇಲೆ ಹತ್ತಿ ಹಾಸಿ ಹರಳನ್ನು ಕೂರಿಸಿದೆ.